‘ಅವರು’ ಎಂಬ ಡೈರೆಕ್ಟರಿ

ಗುರುಸಿದ್ದವ್ವನ ಗಂಡ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಆಕೆಯನ್ನು ಪ್ರೀತಿಸಲು ಶುರು ಮಾಡಿದ. ಹೀಗೆಂದರೆ ನೀವು ನಗುತ್ತೀರಿ. ನಾನೂ ಮೊದಲು ನಕ್ಕವಳೇ. ಆದರೆ ಮಧ್ಯಾಹ್ನದ ಚಹಾದ ಹೊತ್ತಿಗೆ ಆಕೆ ನನ್ನ ಕೋಣೆಯ ಬಾಗಿಲಿಗೆ ಬಂದು, ಕಟ್ಟೆಯ ಮೇಲೆ ಕಾಲು ಮಡಚಿ ಕೂತು, ಗಂಡ ನಿನ್ನೆ ಏನೇನು ಮಾಡಿದನೆಂದು ಹೇಳತೊಡಗಿದರೆ ನಾನು ಕೆಲಸ ಬಿಟ್ಟು ಕೇಳುತ್ತಿದ್ದೆ. ಆತ ಅಂಗಿಯೊಳಗೆ ಎದೆಗೆ ಹಚ್ಚಿಕೊಂಡು ಬಿಸಿ ಮಿರ್ಚಿ ಭಜಿ ತರುತ್ತಿದ್ದನಂತೆ. ಎದೆಯ ಮೇಲೆ ಬೊಬ್ಬೆ ಎದ್ದರೂ ಭಜಿ ಮಾತ್ರ ಆರಬಾರದು. ಆಕೆಗೆ ಚಳಿಜ್ವರ ಬಂದಾಗ ತಾನೇ ತಲೆ ಬಾಚಿದ್ದನಂತೆ, ಅದೂ ಸೊಟ್ಟ ಬೈತಲೆ ತೆಗೆದು. ಇಂಥದ್ದನ್ನು ಕೇಳಲು ನನಗೆ ಬೇರೆ ಕಡೆ ಅವಕಾಶವಿರಲಿಲ್ಲ.

ಮರೆವಿನ ಜ್ವರ ಬಂದುಹೋದ ಮೇಲೆ ನಮ್ಮ ಕಡೆ ವಯಸ್ಸಾದವರಲ್ಲಿ ನೆನಪು ಉಳಿದವರೇ ಕಡಿಮೆ. ಆ ಜ್ವರ ಎಲ್ಲವನ್ನೂ ಒಮ್ಮೆಗೇ ಒಯ್ಯುವುದಿಲ್ಲ. ಮೈ ತಣ್ಣಗಾದ ಮೇಲೆ ಕೆಲವು ವಾರ ಸುಮ್ಮನಿದ್ದು, ಆಮೇಲೆ ತಲೆಯನ್ನು ಒಳಗಿನಿಂದ ಗುಡಿಸುತ್ತ ಬರುತ್ತದೆ. ಆ ಕೆಲವು ವಾರಗಳಲ್ಲಿ ರೋಗಿಯ ತಲೆಗೆ ತಂತಿಯ ಟೊಪ್ಪಿಗೆ ಹಾಕಿ, ಉಳಿದ ನೆನಪುಗಳನ್ನು ಅಂಗಿಯ ಗುಂಡಿಯಷ್ಟು ದೊಡ್ಡ ಬಿಲ್ಲೆಗಳಲ್ಲಿ ಎತ್ತಿಡುವ ವಿದ್ಯೆ ಸಿದ್ಧವಾಯಿತು. ಬಿಲ್ಲೆಗಳು ತಂಪು ಕಪಾಟಿನಲ್ಲಿರುತ್ತವೆ. ರೋಗಿಯ ಕಿವಿಯ ಹಿಂದೆ ಚರ್ಮದಡಿ ಕೂರಿಸಿದ ಒಂದು ಚೂರು ಅಲ್ಲಿಂದ ನೆನಪನ್ನು ಓದುತ್ತದೆ. ಕಪಾಟಿನಿಂದ ಅರ್ಧ ಮೈಲಿ ಆಚೆ ಹೋದರೆ ನೆನಪು ಹೋಯಿತು. ಹಾಗಾಗಿ ಈ ಜನ ಇಲ್ಲೇ ಇರುತ್ತಾರೆ, ಬೆಟಗೇರಿಯ ಮುಚ್ಚಿಹೋದ ಹತ್ತಿ ಜಿನ್ನಿನಲ್ಲಿ ನಡೆಯುವ ನಮ್ಮ ಕೇಂದ್ರದಲ್ಲಿ. ಕಪಾಟು ಕಾಯುವವಳು ನಾನು, ಇಂದುಮತಿ ಹೊಂಬಳ.

ಕಪಾಟಿನ ಯಂತ್ರ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ಅದರಲ್ಲಿ ಪ್ರತಿ ರೋಗಿಗೂ ಒಂದು ಡೈರೆಕ್ಟರಿ, ಅದರೊಳಗೆ ಅವ್ವ, ಅಪ್ಪ, ಓಣಿ, ಶಾಲೆ ಎಂದು ಸಣ್ಣ ಸಣ್ಣ ಡೈರೆಕ್ಟರಿಗಳು. ಡೈರೆಕ್ಟರಿ ಎಂದರೆ ಗೋಡೆಯ ಗೂಡಿದ್ದಂತೆ, ಬಿಲ್ಲೆ ಅದರಲ್ಲಿಡುವ ದೀಪ. ದೀಪವನ್ನು ಗೂಡಿಗೆ ಇಡುವುದಕ್ಕೆ ನಾವು ಮೌಂಟ್ ಮಾಡುವುದು ಎನ್ನುತ್ತೇವೆ. ಬೆಳಕು ಕಂಡರೆ ಸಾಕು, ದೀಪ ಯಾರ ಮನೆಯದೆಂದು ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ನಾನು, ಅದಕ್ಕೇ ನನಗೆ ಸಂಬಳ. ಆದರೆ ಎಲ್ಲ ನಗುನಗುತ್ತ ಇರುವಾಗ ಕೇಳುವ ಬುದ್ಧಿ ಯಾರಿಗೆ ಬರುತ್ತದೆ?

ಅಂದು ಗುರುಸಿದ್ದವ್ವ ಎಂದಿನಂತೆ ಚಹಾದ ಲೋಟ ಹಿಡಿದು ಕೂತಿದ್ದಳು.

“ನಿನ್ನಿ ಏನಂದ್ರ ಗೊತ್ತೇನ ಇಂದವ್ವ? ‘ಫಕ್ಕೀ, ಬಾಯಿ ತಗಿ’ ಅಂದು ಮಿರ್ಚಿ ತಾವ ಬಾಯಾಗ ಇಟ್ರು. ಬಾಯಿ ಸುಟ್ಟು ಹೋತು ನೋಡು.”

“ಫಕ್ಕೀ ಅಂದ್ರ ಯಾರ್ರಿ ಅವ್ವಾರ?”

“ನಾನ. ಮತ್ಯಾರು? ಪ್ರೀತಿಲೆ ಏನೇನರ ಕರೀತಾರ ಗಂಡಸರು. ನಿನಗೇನ ಗೊತ್ತು ಬಿಡು.”

ನನಗೆ ಗೊತ್ತಿಲ್ಲವೆಂಬುದು ನಿಜ. ಆದರೆ ಗುರುಸಿದ್ದವ್ವ ಎಂಬ ಹೆಸರನ್ನು ಎಷ್ಟು ಪ್ರೀತಿಯಿಂದ ಹಿಂಡಿದರೂ ಫಕ್ಕಿ ಎಂಬ ರಸ ಬರುವುದಿಲ್ಲ. ಗುರು ಎನ್ನಬಹುದು, ಸಿದ್ದಿ ಎನ್ನಬಹುದು. ಇನ್ನೊಂದು ಮಾತು ಕೂಡ ತಲೆಯಲ್ಲಿ ಕೊರೆಯಿತು. ಆಕೆ ನೇಕಾರರ ಮನೆಯವಳು, ಅಂಗೈಯಲ್ಲಿ ಈಗಲೂ ಲಾಳಿ ಹಿಡಿದ ಜಡ್ಡು ಇದೆ. ಆದರೆ ಆಕೆ ಹೇಳುವ ಗಂಡ ರೈಲು ಹಳಿಯ ಮೇಲೆ ಕೆಲಸ ಮಾಡುವವನು, ಗ್ಯಾಂಗ್‌ಮನ್. ಬೆಳಿಗ್ಗೆ ಸುತ್ತಿಗೆ ಹೊತ್ತು ಹೊರಟವನು ಸಂಜೆ ಭಜಿಯೊಂದಿಗೆ ಬರುವವನು. ನೇಕಾರರ ಹುಡುಗಿಯನ್ನು ಗ್ಯಾಂಗ್‌ಮನ್‌ಗೆ ಕೊಟ್ಟಿರಬಹುದು, ಲೋಕದಲ್ಲಿ ಏನೇನೋ ಆಗುತ್ತದೆ ಎಂದು ಇಷ್ಟು ದಿನ ಸುಮ್ಮನಿದ್ದೆ.

ಆಕೆ ಲೋಟ ತೊಳೆಯಲು ಹೋದಾಗ ಒಳಗೆ ಬಂದು ಯಂತ್ರದ ಮುಂದೆ ಕೂತೆ. ಯಾವ ಡೈರೆಕ್ಟರಿಯ ಮೇಲೆ ಯಾವ ಸಾಧನ ಕೂತಿದೆ ಎಂದು ತಿಳಿಯಲು ಲಿನಕ್ಸ್‌ನಲ್ಲಿ ಒಂದು ಸುಲಭದ ಆಜ್ಞೆ ಇದೆ. ಫೈಂಡ್‌ಮೌಂಟ್ ಎಂದು ಹೊಡೆದು ಮುಂದೆ ಡೈರೆಕ್ಟರಿಯ ಹೆಸರು ಕೊಟ್ಟರಾಯಿತು. ಗುರುಸಿದ್ದವ್ವನ ಡೈರೆಕ್ಟರಿ, ಅದರೊಳಗೆ ಗಂಡನ ಗೂಡು, ‘ಅವರು’. ಒಂದೇ ಸಾಲು ಉತ್ತರ ಬಂತು, ಆ ಸಾಲಿನಲ್ಲಿ ಬಿಲ್ಲೆಯ ಗುರುತು. ಆ ಬಿಲ್ಲೆ ಯಾರ ತಲೆಯಿಂದ ಬಂದದ್ದು ಎಂದು ಮತ್ತೆ ಕೇಳಿದೆ. ಫಕ್ಕೀರವ್ವನದು ಎಂದಿತು.

ಫಕ್ಕೀರವ್ವ ಪಕ್ಕದ ಸಾಲಿನ ಕೊನೆಯ ಕೋಣೆಯಲ್ಲಿರುವವಳು. ಕಡ್ಡಿಯಂಥ ಹೆಂಗಸು, ಮಾತೇ ಕಡಿಮೆ. ಊಟಕ್ಕೆ ಕೂತರೆ ರೊಟ್ಟಿಯನ್ನು ಎರಡು ಹೋಳು ಮಾಡಿ ಒಂದು ಹೋಳನ್ನು ತಾಟಿನ ಆಚೆ ಅಂಚಿಗೆ ಸರಿಸಿಡುತ್ತಾಳೆ. ಅದನ್ನು ಆಕೆ ತಿನ್ನುವುದಿಲ್ಲ, ಎತ್ತಲೂ ಬಿಡುವುದಿಲ್ಲ. ಕೆಲಸದವರು ಬೈಯುತ್ತಾರೆ. ಯಾಕಿಡುತ್ತೀಯೆಂದರೆ ಗೊತ್ತಿಲ್ಲ ಎನ್ನುತ್ತಾಳೆ. ಆಕೆಯ ‘ಅವರು’ ಡೈರೆಕ್ಟರಿಯ ಮೇಲೂ ಅದೇ ಆಜ್ಞೆ ಕೊಟ್ಟೆ. ಯಂತ್ರ ಏನೂ ಹೇಳಲಿಲ್ಲ. ತಪ್ಪಾಗಿದೆ ಎಂದೂ ಹೇಳಲಿಲ್ಲ. ಏನೂ ಮೌಂಟ್ ಆಗದ ಡೈರೆಕ್ಟರಿ ಸುಮ್ಮನೆ ಖಾಲಿ ಇರುತ್ತದೆ, ಇಲ್ಲಿ ಒಬ್ಬರು ಇರಬೇಕಾಗಿತ್ತು ಎಂದು ಅದು ಬಾಯಿಬಿಟ್ಟು ಹೇಳುವುದಿಲ್ಲ.

ತಪ್ಪು ಹೇಗಾಯಿತೆಂದು ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ನೆನಪು ಎತ್ತುವಾಗ ಪ್ರತಿ ಬಿಲ್ಲೆಗೂ ಒಂದು ಹೆಸರು ಕೊಡಬೇಕು. ಆ ವ್ಯಕ್ತಿಯನ್ನು ರೋಗಿ ಏನೆಂದು ಕರೆಯುತ್ತಾಳೋ ಅದೇ ಹೆಸರು ಆಗಬೇಕು, ಯಾಕೆಂದರೆ ಆ ಕರೆಗೇ ನೆನಪು ತೆರೆದುಕೊಳ್ಳುವುದು. ಆಧಾರ್ ಕಾರ್ಡಿನ ಹೆಸರು ನಡೆಯುವುದಿಲ್ಲ, ಮಿದುಳು ಆಧಾರ್ ಕಾರ್ಡ್ ಓದಿರುವುದಿಲ್ಲ. ಈ ವ್ಯವಸ್ಥೆಯನ್ನು ಎಲ್ಲೋ ದೂರದಲ್ಲಿ ಕೂತು ಕಟ್ಟಿದವರು, ಹೆಂಡತಿಯಾದವಳು ಗಂಡನ ಹೆಸರು ಹೇಳುತ್ತಾಳೆಂದು ನಂಬಿದ್ದರು. ಇಲ್ಲಿ ನಮ್ಮ ಮುದುಕಿಯರು ಒಬ್ಬರೂ ಹೇಳಲಿಲ್ಲ. ಗಂಡನ ಹೆಸರು ಹೇಳಿದರೆ ಆತನ ಆಯುಷ್ಯ ಕಡಿಮೆಯಾಗುತ್ತದೆಂದು ಕಲಿತವರು, ಆತ ಸತ್ತ ಮೇಲೂ ಆ ಆಯುಷ್ಯವನ್ನು ಕಾಯುತ್ತಿದ್ದಾರೆ. ನನ್ನ ಮಾತು ಬೇರೆ. ನನ್ನ ಗಂಡನ ಹೆಸರನ್ನು ನಾನು ಕೋರ್ಟಿನಲ್ಲಿ ಜಡ್ಜರ ಎದುರಿಗೇ ಹೇಳಿದವಳು, ಅದೂ ಇನಿಷಿಯಲ್ ಸಮೇತ.

ಒಬ್ಬಳು ಶಾರವ್ವನ ಅಪ್ಪ ಎಂದಳು, ಇನ್ನೊಬ್ಬಳು ಬಸಣ್ಣನ ಅಪ್ಪ ಎಂದಳು. ಬಿಲ್ಲೆಗಳಿಗೆ ಹಾಗೇ ಹೆಸರಾಯಿತು, ಗೊಂದಲವೂ ಆಗಲಿಲ್ಲ. ಗುರುಸಿದ್ದವ್ವ ಮತ್ತು ಫಕ್ಕೀರವ್ವ ಇಬ್ಬರಿಗೂ ಮಕ್ಕಳಿಲ್ಲ. ಇಂಥವರ ಅಪ್ಪ ಎನ್ನಲು ದಾರಿಯಿಲ್ಲದೆ ಇಬ್ಬರೂ ಬರೀ ‘ಅವರು’ ಎಂದರು. ಮೊದಲು ಕೂರಿಸಿದವರು ಬಿಲ್ಲೆಯ ಗುರುತು ನೋಡಿ ಕೈಯಾರೆ ಕೂರಿಸಿದ್ದರು. ಮಳೆಗಾಲದ ಆರಂಭದಲ್ಲಿ ಒಂದು ದಿನ ಕರೆಂಟು ಹೋಗಿ ಯಂತ್ರ ಮತ್ತೆ ಎದ್ದಾಗ ಅದು ಹೆಸರು ನೋಡಿ ತಾನೇ ಕೂರಿಸಿತು. ‘ಅವರು’ ಎಂಬ ಬಿಲ್ಲೆಗಳು ಎರಡು. ಮೊದಲು ಕಣ್ಣಿಗೆ ಬಿದ್ದದ್ದು ಫಕ್ಕೀರವ್ವನದು, ಮೊದಲು ಬಂದ ಗೂಡು ಗುರುಸಿದ್ದವ್ವನದು. ಫಕ್ಕೀರವ್ವನ ಸರದಿ ಬಂದಾಗಲೂ ಯಂತ್ರ ಆ ಹೆಸರಿನ ಮೊದಲ ಬಿಲ್ಲೆಗೇ ಕೈ ಹಾಕಿ, ಒಂದು ಬಿಲ್ಲೆ ಒಂದೇ ಕಿವಿಗೆ ಎಂಬ ಕಟ್ಟುಪಾಡು ಇರುವುದರಿಂದ ಇಲ್ಲವೆಂದಿತು. ಸಿಗದಿದ್ದರೆ ನಿಲ್ಲಬೇಡ, ಮುಂದೆ ಸಾಗು ಎಂದು ಯಾರೋ ಮೊದಲೇ ಬರೆದಿಟ್ಟಿದ್ದರಿಂದ ಅದು ಗದ್ದಲ ಮಾಡದೆ ಮುಂದೆ ಸಾಗಿತು.

ಹಾಗಾದರೆ ಗುರುಸಿದ್ದವ್ವನ ಸ್ವಂತ ಬಿಲ್ಲೆ ಎಲ್ಲಿ? ಕಪಾಟಿನಲ್ಲೇ ಇತ್ತು. ಅದನ್ನು ಬೇರೆ ಕಡೆ ತೆರೆದು ನೋಡಿದೆ. ಹೊಸ ಬಿಲ್ಲೆಯಲ್ಲಿ ಲಿನಕ್ಸ್ ತಾನಾಗಿ ಮಾಡಿಡುವ ‘ಕಳೆದದ್ದು, ಸಿಕ್ಕದ್ದು’ ಎಂಬ ಒಂದು ಖಾಲಿ ಡೈರೆಕ್ಟರಿ ಬಿಟ್ಟರೆ ಒಳಗೆ ಏನೂ ಇರಲಿಲ್ಲ. ನೆನಪು ಎತ್ತಲು ಕೂತವನು ಗಂಡಸು, ಅದೂ ಎಳೆಯ ವಯಸ್ಸಿನವನು. ಪರಗಂಡಸಿನ ಮುಂದೆ ಗಂಡನ ವಿಷಯ ಬಂದೊಡನೆ ಆಕೆ ಸೆರಗು ಎಳೆದುಕೊಂಡು ಬಾಯಿ ಮುಚ್ಚಿದಳಂತೆ. ಬಾಯಿಯೊಂದಿಗೆ ಮನಸ್ಸೂ ಮುಚ್ಚಿತು. ಬಿಲ್ಲೆ ಖಾಲಿ ಉಳಿಯಿತು. ಖಾಲಿ ಬಿಲ್ಲೆಯನ್ನೇ ಗೂಡಿಗೆ ಕೂರಿಸಿ ಕೆಲಸ ಮುಗಿಯಿತು ಎಂದುಕೊಂಡು ಹೋದರು.

ಮುಳಗುಂದ ನಾಕಾದ ಹತ್ತಿರ ಮಹಡಿಯ ಮೇಲೆ ನನ್ನ ಬಾಡಿಗೆ ಮನೆ. ಅಂದು ಸಂಜೆ ಖಾನಾವಳಿಯಿಂದ ರೊಟ್ಟಿ, ಮಡಕೆಕಾಳು ಪಲ್ಯ ತಂದಿದ್ದೆ. ಖಾನಾವಳಿಯವಳು ಹೆಚ್ಚಿನ ಪಲ್ಯ ಬೇಕೇ ಎಂದು ಈಗ ಕೇಳುವುದೂ ಇಲ್ಲ. ಒಬ್ಬರಿಗೆ ಎಷ್ಟು ಬೇಕೆಂದು ಅವಳಿಗೆ ರೂಢಿಯಾಗಿದೆ. ತಿನ್ನುತ್ತ ಕೂತಾಗ ಫಕ್ಕೀರವ್ವನ ಅರ್ಧ ರೊಟ್ಟಿ ನೆನಪಾಯಿತು.

ನಾನು ಆ ದಿನವೇ ಬಿಲ್ಲೆ ಬದಲಿಸಬಹುದಿತ್ತು. ಬದಲಿಸಲಿಲ್ಲ. ಬದಲಿಸಿದರೆ ಗುರುಸಿದ್ದವ್ವನ ಪಾಲಿಗೆ ಏನೂ ಉಳಿಯುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನನ್ನದು. ನನ್ನ ದಿನದಲ್ಲಿ ಒಬ್ಬ ಗಂಡಸು ಪ್ರೀತಿಯಿಂದ ಏನಾದರೂ ಮಾಡುವುದನ್ನು ನಾನು ಕೇಳುತ್ತಿದ್ದುದು ಆ ಚಹಾದ ಹೊತ್ತಿನಲ್ಲಿ ಮಾತ್ರ. ಆತ ಮಿರ್ಚಿ ತಂದರೆ ನನಗೂ ಒಂದು ತಂದಂತೆ ಇರುತ್ತಿತ್ತು. ಆತನ ಹೆಸರೂ ನನಗೆ ಗೊತ್ತಿರಲಿಲ್ಲ. ಯಾರದೋ ಗಂಡ, ಇನ್ಯಾರದೋ ತಲೆಯಲ್ಲಿ, ಮೂರನೆಯವಳಾದ ನಾನು ಬಾಗಿಲಲ್ಲಿ ಕೂತು ಬೆಚ್ಚಗಾಗುತ್ತಿದ್ದೆ. ಆ ಬಿಸುಪನ್ನು ಬಿಡಲು ಮನಸ್ಸು ಬರಲಿಲ್ಲ.

ಬೆಳಿಗ್ಗೆ ಡಾಕ್ಟರ್ ಉಪ್ಪಿನ ಅವರಿಗೆ ಎಲ್ಲ ಹೇಳಿದೆ. ಕೇಂದ್ರಕ್ಕೆಲ್ಲ ಅವರೊಬ್ಬರೇ ಡಾಕ್ಟರು, ಕೆಟ್ಟವರಲ್ಲ, ಯಾವಾಗಲೂ ದಣಿದಿರುತ್ತಾರೆ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

“ಗುರುಸಿದ್ದವ್ವ ಉಣ್ತಾಳ, ಮಲಗ್ತಾಳ, ನಗ್ತಾಳ. ಆಕೀದು ಔಷಧ ಬ್ಯಾರೆ ಕಡಿಮಿ ಆಗೇತಿ. ಅಕಿನ್ನ ಯಾಕ ಕೆಡವ್ತೀರಿ? ಆ ಬಿಲ್ಲೆದು ಒಂದು ಕಾಪಿ ಮಾಡ್ರಿ, ಇಬ್ಬರಿಗೂ ಹಾಕ್ರಿ. ಮುಗೀತು.”

“ಆತ ಅಕಿ ಗಂಡ ಅಲ್ರಿ ಸರ್.”

“ಗೊತ್ತಿಲ್ಲದಾಕಿಗೆ ಯಾರಾದ್ರೇನ್ರಿ ಇಂದುಮತಿ? ಅಕಿ ಸ್ವಂತ ಗಂಡ ಎಲ್ಲ್ಯರ ಉಳಿದಿದ್ರ ಬ್ಯಾರೆ ಮಾತು. ಜ್ವರ ಗುಡಿಸಿ ಹಾಕೇತಿ, ಬಿಲ್ಲೇನೂ ಖಾಲಿ. ಎರಡೂ ಕಡೆ ಇಲ್ಲ.”

ಅವರ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಕಾಪಿ ಮಾಡುವುದು ದೊಡ್ಡ ಕೆಲಸವಲ್ಲ, ಚಹಾ ಕುಡಿದು ಮುಗಿಸುವುದರೊಳಗೆ ಆಗುತ್ತದೆ. ಒಬ್ಬನೇ ಗಂಡ ಇಬ್ಬರು ಹೆಂಗಸರ ತಲೆಯಲ್ಲಿ ಒಂದೇ ಹೊತ್ತಿಗೆ ಮಿರ್ಚಿ ತರುತ್ತಾನೆ, ಇಬ್ಬರನ್ನೂ ಫಕ್ಕೀ ಎನ್ನುತ್ತಾನೆ. ಇಬ್ಬರೂ ಖುಷಿ, ಡಾಕ್ಟರು ಖುಷಿ, ನನ್ನ ಚಹಾದ ಹೊತ್ತೂ ಉಳಿಯುತ್ತದೆ. ಹೊಸ ಬಿಲ್ಲೆಯೊಂದನ್ನು ಕೈಯಲ್ಲಿ ಹಿಡಿದು ಹೊರಗೆ ಬಂದೆ.

ಅಂಗಳದ ಬೇವಿನ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಅವರಿಬ್ಬರೂ ಕೂತಿದ್ದರು. ಗುರುಸಿದ್ದವ್ವ ಎಂದಿನ ಉತ್ಸಾಹದಲ್ಲಿದ್ದಳು.

“ಸಣ್ಣಾಟದ ಹಾಡು ಹಾಡಕೋತ ಬರ್ತಿದ್ರವ್ವ ಹಳಿ ಗುಂಟ. ಮನಿ ಮುಟ್ಟೂಕಿಂತ ಮೊದ್ಲ ಹಾಡು ಮುಟ್ಟತಿತ್ತು. ನಾ ಒಲಿ ಮುಂದಿಂದ ಎದ್ದು ನೀರಿಗೆ ಇಡತಿದ್ದೆ.”

ಫಕ್ಕೀರವ್ವ ಬಾಯಿಗೆ ಸೆರಗು ಹಿಡಿದು, ಒಂದು ಮಾತೂ ಬಿಡದೆ ಕೇಳುತ್ತಿದ್ದಳು. ಕೊನೆಗೆ ಹೇಳಿದಳು, “ನಿನಗ ಚಲೋ ಗಂಡ ಸಿಕ್ಕಿದ್ದ ಬಿಡವ್ವ. ನನಗ ಲಗ್ನನ ಆಗಿದ್ದಿಲ್ಲಂತ.”

“ಯಾರಂದ್ರು?”

“ಯಾರೂ ಅಂದಿಲ್ಲ. ನನಗ ಯಾರೂ ನೆನಪಾಗೂದಿಲ್ಲಲ್ಲ. ಆಗಿದ್ರ ಒಬ್ಬರರ ನೆನಪಾಗತಿದ್ರು.”

ಆಮೇಲೆ ಆಕೆ ಇನ್ನಷ್ಟು ಹೇಳು ಎಂದಳು. ತನ್ನ ಗಂಡನ ಕಥೆಯನ್ನು ಇನ್ನೊಬ್ಬಳ ಬಾಯಿಂದ ಕೇಳಿ, ಅವಳ ಪುಣ್ಯವನ್ನು ಹೊಗಳಿ, ಇನ್ನಷ್ಟು ಹೇಳು ಎಂದಳು. ಇಷ್ಟು ತಿಂಗಳು ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ನನ್ನ ಹತ್ತಿರದಿಂದ ಯಾರೂ ಏನೂ ಎತ್ತಿರಲಿಲ್ಲ. ಬಿಲ್ಲೆಯನ್ನು ಕಪಾಟಿನೊಳಗೆ ಎಸೆದು, ಗುರುಸಿದ್ದವ್ವ ಒಬ್ಬಳೇ ಇರುವಾಗ ಅವಳ ಕೋಣೆಗೆ ಹೋದೆ.

ಹೇಗೆ ಹೇಳುವುದೆಂದು ಯೋಚಿಸಿಕೊಂಡು ಹೋಗಿದ್ದ ಮಾತೆಲ್ಲ ಅವಳ ಮುಖ ನೋಡಿ ಮರೆತುಹೋಯಿತು. ಸುತ್ತಿ ಬಳಸದೆ ಹೇಳಿಬಿಟ್ಟೆ. ಆಕೆ ಸೆರಗನ್ನು ತಲೆಯ ಮೇಲೆಳೆದು ಕಿವಿ ಮುಚ್ಚುವಂತೆ ಹೊದ್ದುಕೊಂಡಳು, ಕೋಣೆಯಲ್ಲಿ ಅಪರಿಚಿತ ಗಂಡಸೊಬ್ಬ ನಿಂತಿದ್ದರೆ ಹೊದೆಯುವಂತೆ.

“ಇಷ್ಟ ದಿವಸ ಮಂದಿ ಗಂಡನ ಕೈಲೆ ಮಿರ್ಚಿ ತಿಂದೆನೇನ ಇಂದವ್ವ ನಾ?”

“ನಿಮ್ಮ ತಪ್ಪಲ್ರಿ ಅವ್ವಾರ. ಯಂತ್ರದ ತಪ್ಪು.”

“ಬಾಯಿ ನಂದಲ್ಲೇನ?” ಅಂದಳು. ನಗು ಬರಬೇಕಾದ ಮಾತು, ಇಬ್ಬರಿಗೂ ನಗು ಬರಲಿಲ್ಲ. “ಕೊಟ್ಬಿಡು. ಇವತ್ತ ಕೊಟ್ಬಿಡು ಆಕೀಗೆ.”

“ಕಾಪಿ ಮಾಡಬಹುದ್ರಿ. ಆಕೀಗೂ ಕೊಟ್ಟು ನಿಮಗೂ ಇಡಬಹುದು. ಡಾಕ್ಟರೂ ಹೂಂ ಅಂದಾರ.”

“ನೀ ಇಡ್ತೀ. ನಾ ಹೆಂಗ ಇಟಗೊಳ್ಳಲಿ? ನಾಳಿಂದ ಆಕೀ ಮಗ್ಗಲ ಕುಂತು ಹೆಂಗ ಉಣ್ಣಲಿ?” ಆಮೇಲೆ ಕೇಳಿದಳು, “ನಮ್ಮವರು ಎಲ್ಲಿ ಅದಾರ? ಅದನ್ನ ಹೇಳು.”

ಹೇಳಲೇಬೇಕಾಯಿತು. ಬಿಲ್ಲೆ ಇದೆ, ಒಳಗೆ ಏನೂ ಇಲ್ಲ ಎಂದೆ. ಆಕೆ ಅಂಗೈಯ ಜಡ್ಡನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತಳು.

“ಹಂಗಾರ ನಾನೂ ಫಕ್ಕೀರವ್ವನಂಗ.”

ಆಗ ನನಗೊಂದು ಹೊಳೆಯಿತು. ಲಿನಕ್ಸ್ ಗೊತ್ತಿದ್ದವರಿಗೆಲ್ಲ ಗೊತ್ತಿರುವ ಸಣ್ಣ ಸಂಗತಿ, ಆದರೆ ಮನುಷ್ಯರ ತಲೆಗೆ ಅದನ್ನು ಹಚ್ಚಿ ನಾವ್ಯಾರೂ ಯೋಚಿಸಿರಲಿಲ್ಲ. ಒಂದು ಡೈರೆಕ್ಟರಿಯಲ್ಲಿ ಮೊದಲೇ ಏನಾದರೂ ಇದ್ದು, ಅದರ ಮೇಲೆ ಬೇರೆ ಸಾಧನವನ್ನು ಮೌಂಟ್ ಮಾಡಿದರೆ ಮೊದಲಿದ್ದದ್ದು ಅಳಿಯುವುದಿಲ್ಲ. ಕಾಣಿಸುವುದಿಲ್ಲ, ಅಷ್ಟೇ. ಮೇಲಿನದನ್ನು ಇಳಿಸಿದರೆ ಕೆಳಗಿದ್ದದ್ದು ಇದ್ದಲ್ಲೇ ಇರುತ್ತದೆ. ಕಿವಿಯ ಹಿಂದಿನ ಚೂರು ಬಿಲ್ಲೆಯಿಂದ ಓದುವಾಗ ಮಿದುಳಿನ ಆ ಜಾಗವನ್ನು ತಾನೇ ಹಿಡಿದುಕೊಂಡಿರುತ್ತದೆ, ಅಲ್ಲಿಯದೇ ಧ್ವನಿ ಮೇಲೆ ಬರಲು ಬಿಡುವುದಿಲ್ಲ. ಜ್ವರ ಏನನ್ನಾದರೂ ಬಿಟ್ಟುಹೋಗಿದ್ದರೂ ಗುರುಸಿದ್ದವ್ವನಿಗೆ ಅದನ್ನು ಕಾಣುವ ಅವಕಾಶವೇ ಸಿಕ್ಕಿರಲಿಲ್ಲ. ಮೊದಲ ದಿನದಿಂದಲೇ ಆ ಗೂಡಿನ ಮೇಲೆ ಖಾಲಿ ಬಿಲ್ಲೆಯೊಂದು ಕೂತಿತ್ತು. ಅದು ಹೋದ ಮೇಲೆ ಫಕ್ಕೀರವ್ವನ ಗಂಡ ಬಂದು ಕೂತ. ಯಾವ ಗೂಡನ್ನೂ ಬರಿದು ಬಿಡಬಾರದು, ರೋಗಿ ಗಾಬರಿಯಾಗುತ್ತಾರೆ ಎಂಬುದು ಕೇಂದ್ರದ ಪದ್ಧತಿ.

“ಒಂದು ಮಾಡಬಹುದ್ರಿ,” ಎಂದೆ. “ಏನೂ ಹಾಕದನ ಬಿಟ್ಟು ನೋಡೂದು. ತಳದಾಗ ಏನರ ಉಳಿದಿದ್ರ ಬರಬಹುದು. ಏನೂ ಇಲ್ಲದನೂ ಇರಬಹುದು. ನಾ ಮಾತು ಕೊಡಾಕ ಬರೂದಿಲ್ಲ.”

“ನೀ ಯಾಕ ಕೊಡ್ತಿ,” ಎಂದಳು ಗುರುಸಿದ್ದವ್ವ. “ನಡಿ.”

ಡಾಕ್ಟರ್ ಉಪ್ಪಿನ ಮೊದಲು ಒಲ್ಲೆ ಎಂದರು. ಗುರುಸಿದ್ದವ್ವ ಅವರ ಮುಂದೆ ಸೆರಗು ಹೊದ್ದು ನಿಂತು, “ನಿಮ್ಮ ಮನಿಯವರನ್ನ ನಾಳೆ ಬ್ಯಾರೆಯವರ ತೆಲಿಯಾಗ ಹಾಕಿದ್ರ ಸುಮ್ಮನಿರ್ತೀರೇನ್ರಿ?” ಎಂದು ಕೇಳಿದ ಮೇಲೆ ಸಹಿ ಹಾಕಿದರು.

ಇಬ್ಬರನ್ನೂ ನಿಯಂತ್ರಣ ಕೋಣೆಯಲ್ಲೇ ಎದುರುಬದುರು ಕೂರಿಸಿದೆ. ಫಕ್ಕೀರವ್ವನಿಗೆ ಒಂದು ನೆನಪು ಸಿಕ್ಕಿದೆ, ಕೂರಿಸುತ್ತೇವೆ ಎಂದಷ್ಟೇ ಹೇಳಿದ್ದೆ. ಉಳಿದದ್ದನ್ನು ತಾನೇ ಹೇಳುತ್ತೇನೆಂದು ಗುರುಸಿದ್ದವ್ವ ತಡೆದಿದ್ದಳು, ಆದರೆ ಹೇಳಲು ಬಾಯಿ ಬರಲಿಲ್ಲ. ನಾನು ಗುರುಸಿದ್ದವ್ವನ ಡೈರೆಕ್ಟರಿಯಿಂದ ಬಿಲ್ಲೆಯನ್ನು ಇಳಿಸಿದೆ. ಆಕೆಯ ಮುಖದಲ್ಲಿ ಏನೂ ಕಾಣಲಿಲ್ಲ, ಕಣ್ಣು ಮಾತ್ರ ಒಮ್ಮೆ ಬಾಗಿಲ ಕಡೆ ಹೋಯಿತು. ಫಕ್ಕೀರವ್ವನ ‘ಅವರು’ ಮೇಲೆ ಅದನ್ನು ಕೂರಿಸಿದೆ, ಈ ಸಲ ಹೆಸರು ನೋಡಿ ಅಲ್ಲ, ಗುರುತು ನೋಡಿ. ಫೈಂಡ್‌ಮೌಂಟ್ ಹೊಡೆದು ಎರಡು ಸಲ ಓದಿದೆ.

ಫಕ್ಕೀರವ್ವ ಕೂತಲ್ಲೇ ತುಸು ಪಕ್ಕಕ್ಕೆ ಸರಿದಳು, ಬೆಂಚಿನ ಮೇಲೆ ಇನ್ನೊಬ್ಬರಿಗೆ ಜಾಗ ಬಿಡುವಂತೆ. ಬಾಯಿಯನ್ನು ಅಂಗೈಯಿಂದ ಒರೆಸಿಕೊಂಡು, “ಸುಡಾಕತ್ತೇತ್ರಿ,” ಎಂದಳು. ನಮ್ಮಿಬ್ಬರಿಗೂ ಅಲ್ಲ ಆ ಮಾತು. ನಗುತ್ತಿದ್ದಳು. ಆಕೆಯ ಹಲ್ಲು ಹೇಗಿವೆಯೆಂದು ನಾನು ನೋಡಿದ್ದು ಅದೇ ಮೊದಲು. ಗುರುಸಿದ್ದವ್ವ ಮುಖ ಆಚೆ ತಿರುಗಿಸಿ, ಗಂಡ ಹೆಂಡಿರ ಕೋಣೆಯಿಂದ ಹೊರಬರುವವಳ ಹಾಗೆ ಎದ್ದು ಮೆಲ್ಲಗೆ ಹೋದಳು.

ಆಮೇಲೆ ಆಕೆ ಚಹಾದ ಹೊತ್ತಿಗೆ ಬರುವುದನ್ನು ಬಿಟ್ಟಳು. ದಿನಗಳು ಹೋದವು. ಕಟ್ಟೆ ಖಾಲಿ ಇತ್ತು, ನಾನು ಎರಡು ಲೋಟ ತರಿಸಿ ಎರಡನ್ನೂ ನಾನೇ ಕುಡಿಯುತ್ತಿದ್ದೆ. ಫಕ್ಕೀರವ್ವ ಬರುತ್ತಾಳೇನೋ ಎಂದು ಒಮ್ಮೆ ಆಸೆಪಟ್ಟೆ. ಅವಳು ಯಾಕೆ ಬರುತ್ತಾಳೆ, ಅವಳಿಗೆ ಮಾತಾಡಲು ಈಗ ತನ್ನವರು ಇದ್ದಾರೆ. ಡಾಕ್ಟರು ಗುರುಸಿದ್ದವ್ವನ ಔಷಧವನ್ನು ಮತ್ತೆ ಹೆಚ್ಚಿಸಿದರು. ಅವರು ನನಗೆ ಏನೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು. ಯಾರೂ ಕೇಳದೆ ಇದ್ದ ಸತ್ಯವನ್ನು ಎತ್ತಿಕೊಟ್ಟು ಒಂದು ಜೀವವನ್ನು ಬರಿದು ಮಾಡಿದೆನಲ್ಲ ಎಂದು ನನಗೆ ಬಹಳ ಸಂಕಟವಾಯಿತು.

ಕೊನೆಗೆ ನಾನೇ ಲೋಟ ಹಿಡಿದು ಅವಳ ಕೋಣೆಗೆ ಹೋದೆ. ಮಧ್ಯಾಹ್ನದ ಬಿಸಿಲು ಜಿನ್ನಿನ ಹಳೆಯ ಎತ್ತರದ ಕಿಟಕಿಯಿಂದ ಮಂಚದ ಮೇಲೆ ಬಿದ್ದಿತ್ತು. ಗುರುಸಿದ್ದವ್ವ ಕಾಲು ಇಳಿಬಿಟ್ಟು ಕೂತಿದ್ದಳು. ಕಾಲುಗಳು ಒಂದಾದ ಮೇಲೊಂದು ಏನನ್ನೋ ತುಳಿಯುತ್ತಿದ್ದವು, ನಿಧಾನವಾಗಿ, ತಪ್ಪದೆ.

“ಚಹಾ ತಂದೀನ್ರಿ ಅವ್ವಾರ.”

“ತಡಿ,” ಎಂದಳು. “ಅಡ್ಡ ನಿಂತಾರ.”

“ಯಾರ್ರಿ?”

“ಹೆಣಮಕ್ಳು. ಹೊಸ್ತಿಲದಾಗ. ಹೆಸರು ಹೇಳಿ ಒಳಗ ಬಾ ಅಂತಾರ. ಇಲ್ಲಾಂದ್ರ ಬಿಡಂಗಿಲ್ಲಂತ.”

ನಮ್ಮ ಕಡೆ ಮದುಮಗಳು ಗಂಡನ ಮನೆ ತುಂಬುವ ದಿನ ಹೆಂಗಸರು ಬಾಗಿಲು ಕಟ್ಟಿ ಗಂಡನ ಹೆಸರು ಕೇಳುತ್ತಾರೆ. ಆಗ ಬರಿ ಹೆಸರು ಹೇಳುವಂತಿಲ್ಲ, ಪ್ರಾಸದ ಸಾಲುಗಳ ಒಡಪು ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಎಷ್ಟೋ ಹೆಂಗಸರು ಬದುಕಿನಲ್ಲಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ಅಂಥ ಹೊತ್ತಿನಲ್ಲಿ ಮಾತ್ರ. ನಾನು ಲೋಟವನ್ನು ಕೆಳಗಿಟ್ಟು ಬಾಗಿಲಿಗೆ ಅಡ್ಡ ನಿಂತೆ. ಏನು ಮಾಡಬೇಕೆಂದು ನನಗೆ ಬೇರೆ ತಿಳಿಯಲಿಲ್ಲ.

“ಹೇಳ್ರಿ ಮತ್ತ. ಹೇಳದ ಬಿಡೂದಿಲ್ಲ.”

ಆಕೆ ತಲೆ ತಗ್ಗಿಸಿದಳು. ಆ ಸುಕ್ಕು ಮುಖದಲ್ಲಿ ನಾಚಿಕೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಸಣ್ಣ ದನಿಯಲ್ಲಿ, ಒಂದೊಂದೇ ಸಾಲನ್ನು ಎಲ್ಲಿಂದಲೋ ಎಳೆದು ತರುತ್ತ ಹೇಳಿದಳು.

“ಬಿಳಿ ನೂಲು ಅದ್ದೀನಿ ಬಣ್ಣದ ಬಾನ್ಯಾಗ,
ಎಳಿ ಎಳಿ ಸುತ್ತೀನಿ ರಾಟೀಯ ಮ್ಯಾಗ,
ಮಳಿ ಬಂದು ನಿಂತೈತಿ ಊರ ಅಗಸ್ಯಾಗ,
ಗಳಿಗಿ ಬಿಡದ ಕುಂತಾರ ಕೊಟ್ರಪ್ಪನವರು ಮಗ್ಗದ ಕುಣ್ಯಾಗ.”

ಕೊಟ್ರಪ್ಪ. ನನ್ನ ಯಂತ್ರದಲ್ಲಿ ಎಲ್ಲೂ ಇಲ್ಲದ ಹೆಸರು. ನಾನು ಬಾಗಿಲು ಬಿಟ್ಟು ಸರಿದು ನಿಂತೆ, ಆಕೆ ಒಳಗೆ ಹೋಗಲೆಂದು. ನೇಕಾರರು ಕಾಲಿಳಿಬಿಟ್ಟು ಕೂತು ಮಗ್ಗ ತುಳಿಯುವ ಗುಂಡಿಯೇ ಕುಣಿ; ಅಲ್ಲಿ ಕೂತವಳಂತೆ ತುಳಿಯುತ್ತಿದ್ದ ಆಕೆಯ ಕಾಲುಗಳು ಈಗ ನಿಂತವು.

“ಬೆನ್ನು ಕಾಣ್ತೇತಿ,” ಎಂದಳು. “ಕುಣಿಯಾಗ ಕುಂತಾರ. ಹೊಳ್ಳಿ ನೋಡವಲ್ರು.”

“ಕರೀರಿ.”

“ಕರದ ಗೊತ್ತಿಲ್ಲವ್ವ ನನಗ. ಮಾತ ಕಡಿಮಿ ಅವರದು, ನಂದೂ ಕಡಿಮಿ. ಉಣ್ಣಾಕ ಕರಿಯೂದಿದ್ರ ಬಳಿ ಸಪ್ಪಳ ಮಾಡತಿದ್ದೆ.” ಬಳೆಯಿಲ್ಲದ ಕೈಯನ್ನು ಒಮ್ಮೆ ಅಲುಗಾಡಿಸಿ ನೋಡಿಕೊಂಡಳು. ಕೈ ಬರಿದಾಗಿರುವುದು ಯಾಕೆಂದು ಆಗ ಆಕೆಗೆ ತಿಳಿಯಿತು. ಅದು ತಿಳಿದದ್ದು ಮುಖದಲ್ಲಿ ಸ್ಪಷ್ಟವಾಗಿ ಕಂಡಿತು.

ಆಕೆ ಕತ್ತೆತ್ತಿ, ಗೋಡೆಯ ಕಡೆಗೆ, ಒಡಪೂ ಇಲ್ಲದೆ ಮರ್ಯಾದೆಯ ಮಾತೂ ಇಲ್ಲದೆ ಕರೆದಳು. “ಕೊಟ್ರಪ್ಪಾ.”

ಹಿತ್ತಲಲ್ಲಿರುವ ಸಮವಯಸ್ಕನನ್ನು ಕರೆಯುವ ಹಾಗೆ, ಸಾಕಷ್ಟು ಗಟ್ಟಿಯಾಗಿ ಕರೆದಳು. ಓ ಎನ್ನುವವರು ಯಾರೂ ಇರಲಿಲ್ಲ. ಆಕೆ ಇನ್ನೊಮ್ಮೆ ಕರೆದು, ಮುಖಕ್ಕೆ ಸೆರಗು ಹಿಡಿದು ಅಳತೊಡಗಿದಳು. ಕೇಂದ್ರಕ್ಕೆ ಬಂದಾಗಿನಿಂದ ಆಕೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೆ ಹೆದರಿಕೆಯಾಯಿತು. ಕಪಾಟಿನಲ್ಲಿ ಆ ಖಾಲಿ ಬಿಲ್ಲೆ ಇನ್ನೂ ಇತ್ತು. ಅದನ್ನು ಕೂರಿಸಿದರೆ ಇದೆಲ್ಲ ಮುಚ್ಚಿಹೋಗುತ್ತದೆ, ಅಳುವೂ ನಿಲ್ಲುತ್ತದೆ.

“ಮುಚ್ಚಿ ಬಿಡ್ಲೇನ್ರಿ ಅವ್ವಾರ? ಬ್ಯಾನಿ ಆಗೂದಿಲ್ಲ.”

ಆಕೆ ಸೆರಗಿನೊಳಗಿಂದಲೇ ತಲೆ ಅಲ್ಲಾಡಿಸಿದಳು.

“ಬ್ಯಾಡ. ಅಳಾಕ ನಮ್ಮವರು ಸಿಕ್ಕಾರ.”

ಆಕೆ ಅತ್ತು ಮುಗಿಸುವವರೆಗೆ ಪಕ್ಕದಲ್ಲಿ ಕೂತಿದ್ದೆ. ಚಹಾ ಆರಿಹೋಯಿತು. ಸಂಜೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಾನೂ ಅಳಬೇಕೆಂದುಕೊಂಡೆ. ಯಾರಿಗಾಗಿ ಎಂದು ಎಷ್ಟು ಯೋಚಿಸಿದರೂ ಹೊಳೆಯದೆ, ಕಟ್ಟಿಸಿಕೊಂಡು ಬಂದ ರೊಟ್ಟಿ ಬಿಚ್ಚಿ ಉಂಡು ಮಲಗಿದೆ.